ಮಾಗುರಿಯ ಹಳೇ ಹಕ್ಕಿಪಟ್ಟಿ ಈಗ ಯಾರಿಗಾದರೂ ಬೇಕಾಗುತ್ತದಾ?

ಕೆರೆದಂಡೆ:
ನಾನು ಮೈಸೂರಿನವಳು. 2018 ಮತ್ತು 2019ರ ಜನವರಿಯಲ್ಲಿ ಅಸ್ಸಾಮಿನ ತಿನ್‌ಸುಕಿಯಾ ಹತ್ತಿರದ ಮಾಗುರಿ-ಮೋಟಾಪುಂಗ್ ಬೀಲ್‌ಗೆ ಹಕ್ಕಿ ನೋಡಲು ಹೋಗಿದ್ದೆ. ಬೀಲ್ ಅಂದರೆ ನಮ್ಮ ಕೆರೆಯ ಹಾಗೆ, ಸುತ್ತ ಜೌಗು, ಆಳೆತ್ತರದ ಹುಲ್ಲು. ಐದು ಬೆಳಗಿನ ಪಟ್ಟಿ ಪುಸ್ತಕದಲ್ಲಿದೆ.

2020ರ ಮೇ 27ರಂದು ಅದರ ಪಕ್ಕದಲ್ಲೇ ಬಾಗ್‌ಜಾನ್‌ನ 5ನೇ ನೈಸರ್ಗಿಕ ಅನಿಲದ ಬಾವಿಯಿಂದ ಅನಿಲ ಚಿಮ್ಮಿತು. ಜೂನ್ 9ಕ್ಕೆ ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಆ ಫೋಟೋಗಳನ್ನು ನೋಡಿ ಅತ್ತಿದ್ದೇನೆ.

ನನ್ನ ಪಟ್ಟಿಯಿಂದ ಏನಾದರೂ ಉಪಯೋಗ ಇದೆಯಾ? 2021ರ ಫೆಬ್ರವರಿಯಲ್ಲಿ ಅಲ್ಲಿ ಮ್ಯಾಂಡರಿನ್ ಬಾತು ಕಾಣಿಸಿತಲ್ಲ, ಬೀಲ್ ಸುಧಾರಿಸಿದೆ ಅಂತ ಗೆಳತಿ ಹೇಳುತ್ತಾಳೆ. ನಿಜವಾ?

ನಕ್ಷೆಗಾರ:
ದಯವಿಟ್ಟು ಆ ಪುಸ್ತಕವನ್ನು ಜೋಪಾನ ಮಾಡಿ. ಎಷ್ಟು ನಷ್ಟವಾಯಿತು ಅಂತ ಹೇಳಬೇಕಾದರೆ ಮೊದಲು ಏನಿತ್ತು ಅಂತ ಗೊತ್ತಿರಬೇಕು. ಬಾವಿ ಸಿಡಿದ ಮೇಲೆ ಎಷ್ಟು ಜನ ಹೋಗಿ ಅಳೆದರೂ ಆ 'ಮೊದಲು' ವಾಪಸ್ ಬರುವುದಿಲ್ಲ, ಅಲ್ವಾ?

ಉಪಗ್ರಹದಿಂದ ಸ್ವಲ್ಪ ಸಿಗುತ್ತದೆ. ಸೆಂಟಿನೆಲ್-2ರ ಚಿತ್ರಗಳು ಉಚಿತ, 10 ಮೀಟರ್‌ವರೆಗೆ ವಿವರ ಕಾಣುತ್ತದೆ. ಆದರೆ ಜೂನ್, ಜುಲೈನಲ್ಲಿ ಅಸ್ಸಾಮಿನ ಮೇಲೆ ಬರೀ ಮೋಡ. ನಾಸಾದ ಬೆಂಕಿ ತೋರಿಸುವ ಜಾಲತಾಣ ಫರ್ಮ್ಸ್‌ನಲ್ಲಿ ಬೆಂಕಿಯ ಚುಕ್ಕೆಗಳು ಸಿಗುತ್ತವೆ. ಅಲ್ಲಿ ಬೇರೆ ಬಾವಿಗಳ ಜ್ವಾಲೆಯೂ ಚುಕ್ಕೆಯಾಗಿ ಬರಬಹುದು, ಜಾಗ ನೋಡಿಕೊಳ್ಳಿ. ಹುಲ್ಲಿನ ಮೇಲೆ ಕೂತ ಎಣ್ಣೆಯ ಜಿಡ್ಡು, ಅದರೊಳಗಿನ ಹಕ್ಕಿ, ಇವು ಮೇಲಿಂದ ಕಾಣುವುದಿಲ್ಲ. ಅಲ್ಲಿಗೆ ನಿಮ್ಮಂಥವರ ಪಟ್ಟಿಯೇ ಬೇಕು.

ಹುಲ್ಲುಗುಬ್ಬಿ:
ಎಲ್ಲವನ್ನೂ ಹಕ್ಕಿಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿ, ಹಳೇ ದಿನಾಂಕವನ್ನೂ ತೆಗೆದುಕೊಳ್ಳುತ್ತದೆ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ಹೋದಿರಿ, ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ, ಇದು ಮುಖ್ಯ. ನೆನಪಿಲ್ಲದಿದ್ದರೆ ಅಂದಾಜು ತುಂಬಬೇಡಿ. ಹೋಲಿಸುವಾಗ ಜನವರಿಗೆ ಜನವರಿಯನ್ನೇ ಹೋಲಿಸಬೇಕು. ಮೇ ತಿಂಗಳಲ್ಲಿ ವಲಸೆ ಬಾತುಗಳು ಹೇಗೂ ಇರುವುದಿಲ್ಲ.

ಮ್ಯಾಂಡರಿನ್ ಬಂದಿದ್ದು ನನಗೂ ಖುಷಿ ಕೊಟ್ಟಿತು. ನೂರು ವರ್ಷಕ್ಕೂ ಮೇಲಾಗಿತ್ತಂತೆ ಅದು ಆ ಕಡೆ ಕಾಣಿಸಿ. ಆದರೆ ಅದು ದಾರಿಹೋಕ ಹಕ್ಕಿ. ಬಂದ ಒಂದು ಬಾತು ನೋಡಿ ಬೀಲ್‌ನ ಆರೋಗ್ಯ ಹೇಳಲಾಗದು. ನಾನಾದರೆ ಬ್ಲ್ಯಾಕ್-ಬ್ರೆಸ್ಟೆಡ್ ಪ್ಯಾರಟ್‌ಬಿಲ್ ಹುಡುಕುತ್ತೇನೆ. ಅದಕ್ಕೆ ಆ ಎತ್ತರದ ಹುಲ್ಲೇ ಮನೆ. ಹುಲ್ಲು ಸುಟ್ಟರೆ ಬೇರೆ ದೇಶಕ್ಕೆ ಹಾರಿಹೋಗುವ ಹಕ್ಕಿಯಲ್ಲ.

ಕೆರೆದಂಡೆ:
ಈಗಷ್ಟೇ ಪುಸ್ತಕ ತೆಗೆದೆ. 2019ರ ಎರಡನೇ ಬೆಳಗ್ಗೆ, 6.40ರಿಂದ 9.15, ಪ್ಯಾರಟ್‌ಬಿಲ್ ಎರಡು! ಮೂರು ಪಟ್ಟಿಗಳಲ್ಲಿ ಸಮಯ ಇದೆ, ಎರಡರಲ್ಲಿ ಇಲ್ಲ. ಇಲ್ಲದ್ದನ್ನು ಇಲ್ಲ ಅಂತಲೇ ಹಾಕುತ್ತೇನೆ. ನಮ್ಮನ್ನು ಕರೆದುಕೊಂಡು ಹೋದ ದೋಣಿಯಣ್ಣನ ನಂಬರ್ ಇನ್ನೂ ಇದೆ. ಇವತ್ತು ಸಂಜೆ ಫೋನ್ ಮಾಡುತ್ತೇನೆ, ಅವರು ವರ್ಷವಿಡೀ ನೋಡಿದವರು.