ಹೊಸ ಬೋರ್ಡ್ ಹಾಕಿದ ಮ್ಯಾಲೆ ಹೋಮಿಂಗ್‌ನಾಗ ಝಡ್ ನಿಲ್ಲವಲ್ದು

ಕೊಪ್ಪಳ (ಪ್ರಶ್ನೆ):

ಎಲ್ಲಾರಿಗೂ ನಮಸ್ಕಾರ ರೀ. ನಂದು ಮನ್ಯಾಗ ಕಟ್ಟಿದ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂಗ ಮರ ಕೆತ್ತೋ ಮಷೀನ್), 600 ಬೈ 900 ಮಿಮೀ ಅಳತಿ. ದೇವರಮನಿ ಬಾಗಿಲಿಗೆ ಕಮಲ, ಶಂಖ-ಚಕ್ರ, ಮನಿ ಮುಂದಿನ ನಾಮಫಲಕ ಇಂಥವು ತೇಗ, ಬೇವಿನ ಮ್ಯಾಲೆ ಕೆತ್ತತೀನಿ. ಕಿನ್ನಾಳದ ಒಬ್ಬ ಹಿರಿಯರಿಗೆ ಗೊಂಬಿ ಪೀಠಾನೂ ಹಗುರ ಮರದಾಗ ಕತ್ತರಿಸಿ ಕೊಡತೀನಿ.

ಇಷ್ಟು ದಿನ ಹಳೇ ಎಕ್ಸ್‌ಪಿ ಕಂಪ್ಯೂಟರ್, ಪ್ಯಾರಲಲ್ ಪೋರ್ಟ್, ಮ್ಯಾಕ್3 (ಮಷೀನ್ ನಡಸೋ ಸಾಫ್ಟ್‌ವೇರ್), ಟಿಬಿ6560 ಮೋಟಾರ್ ಬೋರ್ಡ್ ಇತ್ತು. ಕಂಪ್ಯೂಟರಿನ ಮದರ್‌ಬೋರ್ಡ್ ಹೋಯ್ತು. ಈಗ ಆರ್ಡುಯಿನೊ ಉನೊ ಬೋರ್ಡ್, ಅದರ ಮ್ಯಾಲೆ ಕೂಡೋ ಸಿಎನ್‌ಸಿ ಶೀಲ್ಡ್ ವಿ3, ಉನೊದಾಗ ಓಡೋ ಜಿಆರ್‌ಬಿಎಲ್ 1.1 ಪ್ರೋಗ್ರಾಮ್, ಮೋಟಾರ್ ನಡಸಾಕ ಮೂರು ಡಿಎಂ542 ಡ್ರೈವರ್, 36 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕೀನಿ. ಮೂರೂ ಕಡೆ ಸ್ಕ್ರೂ 1605 (16 ಮಿಮೀ ದಪ್ಪ, ಒಂದು ಸುತ್ತಿಗೆ 5 ಮಿಮೀ ಸರಿಯೋದು), ಬಿಟ್ ತಿರುಗಿಸೋ ಸ್ಪಿಂಡಲ್ ಮೋಟಾರ್ 1.5 ಕಿಲೋವ್ಯಾಟ್, ವಿಎಫ್‌ಡಿ (ಅದರ ವೇಗ ಬದಲಿಸೋ ಪೆಟ್ಟಿಗಿ) ಮ್ಯಾಲೆ ನಡೀತೈತಿ.

ಹೋಮಿಂಗ್ (ಮಷೀನ್ ತನ್ನ ಸೊನ್ನಿ ಜಾಗ ಹುಡುಕೋದು) ಕೊಟ್ರ ಝಡ್, ಅಂದ್ರ ಮ್ಯಾಲೆ-ಕೆಳಗ ಹೋಗೋ ಭಾಗ, ಮ್ಯಾಲಕ್ಕ ಹೋಗಿ ಸ್ವಿಚ್ಚಿಗೆ ಟಿಕ್ ಅಂತ ಬಡೀತೈತಿ, ಆದ್ರೂ ನಿಲ್ಲಂಗಿಲ್ಲ. ಮೋಟಾರ್ ಗರಗರ ಅಂತೈತಿ, ಕಪ್ಲಿಂಗ್ ಜಾರತೈತಿ. ಮೂರು ಸಲ ಓಡಿ ಹೋಗಿ ಪ್ಲಗ್ ಕಿತ್ತೀನಿ. ಸ್ವಿಚ್ ಬದಲಿಸಿದೆ. ಮಲ್ಟಿಮೀಟರ್ ಬೀಪ್ ಸರಿಯಾಗೇ ಬರತೈತಿ. ಇನ್ನೊಂದು, ಎಕ್ಸ್ 100 ಮಿಮೀ ಹೋಗು ಅಂದ್ರ 50 ಹೋಗಿ ನಿಲ್ಲತೈತಿ. $100 ಸೆಟ್ಟಿಂಗ್ (ಎಕ್ಸ್ ಒಂದು ಮಿಮೀಗೆ ಎಷ್ಟು ಪಲ್ಸ್) 320 ಇಟ್ಟೀನಿ. ತಿಂಗಳ ಕೊನಿಗೆ ಒಂದು ಬಾಗಿಲು ಕೊಡಬೇಕು, ದಯವಿಟ್ಟು ಹೇಳ್ರಿ.

ಗಂಗಾವತಿ:

ಅಣ್ಣಾರ, ಮೊದಲು ಹೋಮಿಂಗ್ ಬಟನ್ ಮುಟ್ಟೋದು ಬಿಡ್ರಿ. ನಿಮ್ಮ ಸ್ವಿಚ್ ಛಲೋ ಐತಿ, ವೈರ್ ಹೋಗಿರೋ ಪಿನ್ ಬ್ಯಾರೆ. ನಾನೂ ಇದರಾಗ ಎರಡು ದಿನ ಕಳದೀನಿ.

ವಿ3 ಶೀಲ್ಡ್ ಮ್ಯಾಲಿನ ಹೆಸರು ಅಚ್ಚಾಗಿದ್ದು ಜಿಆರ್‌ಬಿಎಲ್ 0.8ರ ಕಾಲದಾಗ. ಆವಾಗ ಝಡ್ ಲಿಮಿಟ್ (ಕೊನಿ ಮುಟ್ಟಿದ್ದು ಹೇಳೋ ಸ್ವಿಚ್) ಉನೊದ 11ನೇ ಪಿನ್ನಿಗೆ ಇತ್ತು, ಸ್ಪಿಂಡಲ್ ಎನೇಬಲ್ 12ಕ್ಕೆ. ಸ್ಪಿಂಡಲ್ ವೇಗ ಕಡಿಮಿ-ಜಾಸ್ತಿ ಮಾಡಾಕ ಪಿಡಬ್ಲ್ಯುಎಂ (ಬಿಟ್ಟು ಬಿಟ್ಟು ಕೊಡೋ ಸಿಗ್ನಲ್) ಬೇಕು. ಅದು 11ರಾಗ ಸಿಗತೈತಿ, 12ರಾಗ ಇಲ್ಲ. ಹಿಂಗಾಗಿ 0.9ರಿಂದ ಎರಡನ್ನೂ ಅದಲಿ ಬದಲಿ ಮಾಡ್ಯಾರ. ಶೀಲ್ಡ್ ಮ್ಯಾಲಿನ ಅಚ್ಚು ಮಾತ್ರ ಹಂಗಾ ಉಳಿದೈತಿ. ನಿಮ್ಮ ಝಡ್ ಸ್ವಿಚ್ಚಿನ ವೈರ್ ತಗದು ‘ಸ್ಪಿಂಡಲ್ ಎನೇಬಲ್’ ಅಂತ ಬರದಿರೋ ಪಿನ್ನಿಗೆ ಹಾಕ್ರಿ.

ಇದು ಬರೇ ಹೋಮಿಂಗ್ ಮಾತಲ್ಲ. ಈಗಿದ್ದಂಗ ಬಿಟ್ಟು ಎಂ3 (ಸ್ಪಿಂಡಲ್ ತಿರುಗಿಸು ಅನ್ನೋ ಆಜ್ಞೆ) ವೇಗದ ಜೊತಿ ಕೊಟ್ರ 11ನೇ ಪಿನ್ನಿನಿಂದ 5 ವೋಲ್ಟ್ ಹೊರಗ ಬರತೈತಿ. ಆ ಹೊತ್ತಿನಾಗ ಝಡ್ ಸ್ವಿಚ್ ಒತ್ತಿದ್ರ ಆ ವೋಲ್ಟ್ ಸೀದಾ ಗ್ರೌಂಡಿಗೆ ಶಾರ್ಟ್. ಉನೊ ಪಿನ್ ಸುಡಬಹುದು.

ವೈರ್ ಬದಲಿಸಿದ ಕೂಡಲೇ ಮಷೀನ್ ಓಡಿಸಬ್ಯಾಡ್ರಿ. 36 ವೋಲ್ಟ್ ಬಂದ್ ಇರಲಿ, ಯುಎಸ್‌ಬಿ ಅಷ್ಟೇ ಹಚ್ರಿ. ಉನೊ ಅದರಾಗ ಎಚ್ಚರಿರತೈತಿ. ಸ್ವಿಚ್ ಬೆರಳಿಂದ ಒತ್ತಿ ಹಿಡಿದು ಪ್ರಶ್ನಾರ್ಥಕ ಚಿಹ್ನೆ ಕಳಸ್ರಿ, ಉತ್ತರದಾಗ ‘ಪಿಎನ್’ ಮುಂದ ಝಡ್ ಕಾಣಬೇಕು. ಕಂಡ ಮ್ಯಾಲೆ $25 (ಹೋಮಿಂಗ್ ವೇಗ) ಅನ್ನು 300ಕ್ಕೆ ಇಳಿಸಿ, ಝಡ್ ನಡುವ ನಿಲ್ಲಿಸಿ ಹೋಮಿಂಗ್ ಕೊಡ್ರಿ, ಏರುವಾಗ ನೀವಾ ಸ್ವಿಚ್ ಒತ್ರಿ. ತಕ್ಷಣ ನಿಂತು ಹಿಂದಕ್ಕ ಸರೀಬೇಕು.

ಸ್ವಿಚ್ ಎನ್‌ಒ (ಒತ್ತಿದಾಗ ಮಾತ್ರ ಕೂಡೋದು) ಹಾಕೀರಿ ಅನಸತೈತಿ. ಎನ್‌ಒದಾಗ ವೈರ್ ತುಂಡಾದ್ರ ‘ಯಾರೂ ಒತ್ತಿಲ್ಲ’ ಅಂತಾನೇ ಬೋರ್ಡಿಗೆ ಕಾಣತೈತಿ, ಬ್ಯಾರೆ ಪಿನ್ನಿಗೆ ಹಾಕಿದ್ರೂ ಹಂಗಾ, ಅದಕ್ಕ ಝಡ್ ಸುಮ್ಮನ ಏರ್ಕೋತ ಹೋತು. ಎಲ್ಲಾ ಲಿಮಿಟ್ ಸ್ವಿಚ್ಚನ್ನೂ ಎನ್‌ಸಿಗೆ (ಒತ್ತಿದಾಗ ಬಿಡೋದಕ್ಕ) ಬದಲಿಸಿ $5 (ಲಿಮಿಟ್ ಸಿಗ್ನಲ್ ಉಲ್ಟಾ ಮಾಡೋ ಸೆಟ್ಟಿಂಗ್) ಅನ್ನು 1 ಮಾಡ್ರಿ. ಆಗ ವೈರ್ ಬಿಚ್ಚಿದ್ರೂ ಸ್ವಿಚ್ ಒತ್ತಿದಂಗ ತೋರಸತೈತಿ.

50 ಮಿಮೀ ಸಮಸ್ಯೆ ಸಣ್ಣದು. ಮೋಟಾರಿಗೆ ಸುತ್ತಿಗೆ 200 ಹೆಜ್ಜಿ, ಸ್ಕ್ರೂ ಸುತ್ತಿಗೆ 5 ಮಿಮೀ ಲೀಡ್. ನಿಮ್ಮ ಡ್ರೈವರಿನ ಡಿಪ್ ಸ್ವಿಚ್ (ಸಣ್ಣ ಸ್ವಿಚ್ಚಿನ ಸಾಲು) ಸುತ್ತಿಗೆ 3200 ಪಲ್ಸಿಗೆ ಇರಬೇಕು ಅನಸತೈತಿ, ಅದಕ್ಕ 640 ಬೇಕಾಗತೈತಿ. 640 ಬರಿಯೋ ಬದಲು ಡಿಪ್ ಅನ್ನು 1600ಕ್ಕೆ ಇಳಿಸಿ 320 ಇಡೋದು ಲೇಸು. ಉನೊ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡತೈತಿ. 640 ಇಟ್ರ ನಿಮಿಷಕ್ಕ 2800 ಮಿಮೀ ಸುತ್ತಮುತ್ತ ಮುಗೀತು.

ಬಳ್ಳಾರಿ:

ಮೂರು ಸಲ ಓಡಿ ಹೋಗಿ ಪ್ಲಗ್ ಕಿತ್ತೆ ಅಂದ್ರಲ್ಲ, ನನಗೆ ಅದೇ ಭಯ ಹುಟ್ಟಿಸಿತು. ಲಿಮಿಟ್ ಸರಿಯಾಗೋ ಮುಂಚೆ ಎಮರ್ಜೆನ್ಸಿ ಸ್ಟಾಪ್ ಹಾಕಿ ಸರ್. ಶೀಲ್ಡ್ ಪಿನ್ನಿಗೆ ಬಟನ್ ಜೋಡಿಸಿದರೆ ಅದು ಉನೊಗೆ ಮಾತ್ರ ತಿಳಿಯುತ್ತೆ. ವಿಎಫ್‌ಡಿ ಪ್ಯಾನೆಲಿನಿಂದ ಚಾಲೂ ಮಾಡಿದ ಸ್ಪಿಂಡಲ್ ತಿರುಗ್ತಾನೇ ಇರುತ್ತೆ. ಕಾಂಟ್ಯಾಕ್ಟರ್ (ಎಮರ್ಜೆನ್ಸಿ ಬಟನ್ ಒತ್ತಿದರೆ ಕರೆಂಟನ್ನೇ ಕಡಿಯುವ ರಿಲೇ) ಹಾಕಿಸಿ, 36 ವೋಲ್ಟ್ ಎಸ್‌ಎಂಪಿಎಸ್ ಮತ್ತು ವಿಎಫ್‌ಡಿ ಎರಡಕ್ಕೂ ಕರೆಂಟ್ ಅದರ ಮೂಲಕವೇ ಹೋಗಲಿ. ಹಸಿರು ಬಟನ್ ಒತ್ತಿದಾಗ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಳ್ಳುವ ಹಾಗೆ ವೈರಿಂಗ್ ಇರಲಿ. ನಮ್ಮ ಕಡೆ ಕರೆಂಟ್ ಹೋಗಿ ಬರೋದು ನಿಮಗೇ ಗೊತ್ತು. ನೀವು ಬಿಟ್ ಬದಲಿಸುತ್ತಾ ಕೈ ಒಳಗಿಟ್ಟಾಗ ಕರೆಂಟ್ ಬಂದರೂ ಮಷೀನ್ ಎದ್ದೇಳಬಾರದು.

1605 ಸ್ಕ್ರೂ ಬಾಲ್ ಸ್ಕ್ರೂ, ಸ್ಪಿಂಡಲ್ ಭಾರಕ್ಕೆ ಹಿಂದಕ್ಕೂ ತಿರುಗಿಬಿಡುತ್ತೆ. ಕರೆಂಟ್ ತೆಗೆದ ಕೂಡಲೇ ಝಡ್ ಜಾರಿ ಕೆಳಗೆ ಬರಬಹುದು. ಕೆಲಸ ಮಾಡುವಾಗ ಸ್ಪಿಂಡಲ್ ಅಡಿ ಮರದ ತುಂಡು ಇಡಿ. ವಿಎಫ್‌ಡಿ ಮುಚ್ಚಳ ತೆಗೆಯುವ ಮುಂಚೆ ಕನಿಷ್ಠ ಹತ್ತು ನಿಮಿಷ ಕಾಯಿರಿ, ಡಿಸ್‌ಪ್ಲೇ ಆರಿದರೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತೆ. ಡಿಎಂ542ರ ಮೋಟಾರ್ ವೈರ್ ಕರೆಂಟ್ ಇರುವಾಗ ಬಿಚ್ಚಲೇಬೇಡಿ, ಡ್ರೈವರ್ ಹೋಗುತ್ತೆ.

ಕೊಪ್ಪಳ:

ಪಿನ್ ಬದಲಿಸಿದೆ, ಪಿಎನ್ ಮುಂದ ಝಡ್ ಬಂತು! ಎನ್‌ಸಿ ಮಾಡೀನಿ. ಕೈಯಿಂದ ಒತ್ತಿದ್ರೂ ನಿಲ್ಲತೈತಿ. ಡಿಪ್ 1600ಕ್ಕೆ ಇಟ್ಟ ಮ್ಯಾಲೆ 100ಕ್ಕ 100 ಸರಿ ಹೋತು. ಕಾಂಟ್ಯಾಕ್ಟರ್ ನಮ್ಮ ಎಲೆಕ್ಟ್ರಿಷಿಯನ್ ಹಾಕಿ ಕೊಟ್ಟಾರ, ಮೇನ್ ಆಫ್ ಮಾಡಿ ಆನ್ ಮಾಡಿ ನೋಡಿದ್ವಿ, ಮಷೀನ್ ಸತ್ತಂಗಾ ಇರತೈತಿ, ಹಸಿರು ಒತ್ತಿದ್ರನ ಏಳತೈತಿ.

ಈಗ ಬ್ಯಾರೆ ತ್ರಾಸು. ಸ್ಪಿಂಡಲ್ ಚಾಲೂ ಆದ ಎರಡು ಸೆಕೆಂಡಿಗೆ ಅಲಾರ್ಮ್ 1. ಯಾವ ಸ್ವಿಚ್ಚೂ ಒತ್ತಿರಂಗಿಲ್ಲ. ಮ್ಯಾಕ್3ರ ಹಳೇ ಫೈಲ್ ಹಾಕಿದ್ರ ಎರರ್ 20.

ಗಂಗಾವತಿ:

ಅಲಾರ್ಮ್ 1 ಅಂದ್ರ ಹಾರ್ಡ್ ಲಿಮಿಟ್, ಲಿಮಿಟ್ ಸ್ವಿಚ್ ಒತ್ತಿತು ಅಂತ ಬೋರ್ಡ್ ತಿಳಕೊಂಡು ನಿಂತೈತಿ. ವಿಎಫ್‌ಡಿಯ ವಿದ್ಯುತ್ ಗದ್ದಲ ಸ್ವಿಚ್ ವೈರಿಗೆ ಹತ್ತಾಕತ್ತೈತಿ. ಸ್ಪಿಂಡಲ್ ಕೇಬಲ್ಲು, ಲಿಮಿಟ್ ವೈರು ಒಂದೇ ಡ್ರ್ಯಾಗ್ ಚೈನಿನಾಗ ಜೊತೆಗೇ ಹೋಗಿದ್ರ ಬಿಡಿಸ್ರಿ. ಸ್ಪಿಂಡಲ್ಲಿಗೆ ಶೀಲ್ಡೆಡ್ (ಒಳಗ ತಂತಿ ಜಾಳಿಗಿ ಇರೋ) ಕೇಬಲ್ ಹಾಕಿ ಜಾಳಿಗಿ ವಿಎಫ್‌ಡಿ ಅರ್ಥಿಗೆ ಕಟ್ರಿ. ಲಿಮಿಟ್ ವೈರ್ ಜಾಳಿಗಿ ಬೋರ್ಡ್ ಕಡೆ ಒಂದೇ ತುದಿಗೆ ಕಟ್ರಿ. ಪಿನ್ನಿಗೂ ಗ್ರೌಂಡಿಗೂ ನಡುವ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದೊಂದು ಬೆಸೀರಿ. ಬಹಳ ಮಂದಿ $21 (ಹಾರ್ಡ್ ಲಿಮಿಟ್ ಸೆಟ್ಟಿಂಗ್) ಅನ್ನು 0 ಮಾಡಿ ಅಲಾರ್ಮ್ ಬಾಯಿ ಮುಚ್ಚಿಸ್ತಾರ. ಹಂಗ ಮಾಡಬ್ಯಾಡ್ರಿ.

ಎರರ್ 20 ಅಂದ್ರ ಜಿಆರ್‌ಬಿಎಲ್‌ಗೆ ತಿಳಿಯದ ಆಜ್ಞೆ. ಮ್ಯಾಕ್3 ಫೈಲಿನಾಗ ಎಂ6, ಜಿ43, ಜಿ81 ಇರತಾವ, ಇದಕ್ಕ ಅವು ಗೊತ್ತಿಲ್ಲ. ಹಳೇ ಫೈಲ್ ಕೈಯಿಂದ ತಿದ್ದಬ್ಯಾಡ್ರಿ, ಕ್ಯಾಮ್ (ಚಿತ್ರದಿಂದ ಕೆತ್ತನಿ ಫೈಲ್ ಮಾಡೋ) ಸಾಫ್ಟ್‌ವೇರ್‌ನಾಗ ಜಿಆರ್‌ಬಿಎಲ್ ಪೋಸ್ಟ್ ಪ್ರೊಸೆಸರ್ (ಫೈಲನ್ನ ಬೋರ್ಡಿಗೆ ಹೊಂದಿಸೋ ಆಯ್ಕೆ) ಆರಿಸಿ ಹೊಸದಾಗಿ ತಗೀರಿ. ಮೊದಲ ಫೈಲ್ ಬಿಟ್ ಇಲ್ಲದ, ಗಾಳಿಯಾಗ ಓಡಿಸ್ರಿ.

ಕೊಪ್ಪಳ:

ಕೇಬಲ್ ಬ್ಯಾರೆ ಮಾಡಿ ಕೆಪಾಸಿಟರ್ ಬೆಸೆದೆ. ನಿನ್ನೆ ಬಿಟ್ ಬಿಚ್ಚಿ ಪೂರ್ತಿ ಕಮಲ ಗಾಳಿಯಾಗ ಓಡಿಸಿದೆ, ಆಮ್ಯಾಲೆ ಬೇವಿನ ಚೂರಿನ ಮ್ಯಾಲೆ, ಇವತ್ತು ಮುಂಜಾನಿ ತೇಗದ ಮ್ಯಾಲೆ. ಒಂದು ತಾಸು ಹತ್ತು ನಿಮಿಷ, ಒಂದು ಅಲಾರ್ಮೂ ಬಂದಿಲ್ಲ. ಮುಗಿದ ಮ್ಯಾಲೆ ಮತ್ತೆ ಹೋಮಿಂಗ್ ಕೊಟ್ಟು ಸೊನ್ನಿಗೆ ಕಳಿಸಿದೆ, ಬಿಟ್ ತುದಿ ಪೆನ್ಸಿಲ್ ಗುರುತಿನ ಮ್ಯಾಲೇ ಬಂದು ಕುಂತಿತು. ಡ್ರೈವರ್ ಬಿಸಿ ಜಾಸ್ತಿ ಅನ್ನಿಸಿದ್ದಕ್ಕ ಪೆಟ್ಟಿಗಿಗೆ ಫ್ಯಾನ್ ಕೂಡಿಸಾಕತ್ತೀನಿ, ಫ್ಯಾನಿನ ಬಾಯಿಗೆ ಧೂಳು ತಡಿಯೋ ಬಟ್ಟಿ ಕಟ್ಟಿ. $$ ಕೊಟ್ಟು ಬಂದ ಎಲ್ಲಾ ಸೆಟ್ಟಿಂಗ್ ಹಾಳಿ ಮ್ಯಾಲೆ ಬರದು ಪೆಟ್ಟಿಗಿ ಬಾಗಿಲ ಒಳಗ ಅಂಟಿಸೀನಿ. ನಿಮ್ಮಿಬ್ಬರಿಗೂ ಉಪಕಾರ ಆತು ರೀ.