ಪೂರ್ಣ ಹಕ್ಕು ಮಾರಿದ ಇಂಗ್ಲಿಷ್ ಲೇಖನವನ್ನು ಕನ್ನಡದಲ್ಲಿ ಕೊಡಬಹುದಾ?

ಪೆರ್ಲದವಳು:
ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಆಗಿದೆ, ಪಿಎಸ್‌ಸಿ ರ‍್ಯಾಂಕ್ ಲಿಸ್ಟ್ ಕಾಯ್ತಾ ಇದ್ದೇನೆ. ಕಾಯುವ ಕೆಲಸಕ್ಕೆ ಸಂಬಳ ಇಲ್ವಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ ಲೇಖನ ಬರೆದು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಹಾಕುತ್ತೇನೆ. ಬೇಕಾದವರು ಕೊಂಡುಕೊಳ್ಳುತ್ತಾರೆ, ಸೈಟು ತನ್ನ ಪಾಲು ಹಿಡಿದು ಉಳಿದದ್ದನ್ನು ಕೊಡುತ್ತದೆ.

ಮನೆಯಲ್ಲಿ ಅಡಿಕೆ ತೋಟ ಉಂಟು. ಕೊಳೆರೋಗದ ಬಗ್ಗೆ, ಮದ್ದು ಬಿಡುವ ಬಗ್ಗೆ ಬರೆದ ಲೇಖನ ಒಳ್ಳೆ ಬೆಲೆಗೆ ಹೋಯಿತು. ಕೊಂಡವರು ‘ಪೂರ್ಣ ಹಕ್ಕು’ ತೆಗೆದುಕೊಂಡಿದ್ದಾರೆ. ಈಗ ಒಂದು ಕನ್ನಡ ಕೃಷಿ ಪತ್ರಿಕೆಯವರು ಅದೇ ವಿಷಯದ ಮೇಲೆ ಲೇಖನ ಕೇಳುತ್ತಿದ್ದಾರೆ. ನನ್ನದೇ ಲೇಖನ, ನಾನೇ ಕನ್ನಡಕ್ಕೆ ಅನುವಾದ ಮಾಡಿ ಕೊಟ್ಟರೆ ಯಾರಿಗೆ ಎಂತ ತೊಂದರೆ? ಭಾಷೆಯೇ ಬೇರೆ ಅಲ್ವಾ?

ಇನ್ನೊಂದು. ಕಾಸರಗೋಡು ಗಿಡ್ಡ ದನದ ಬಗ್ಗೆ ಬರೆದದ್ದು ಇನ್ನೂ ಮಾರಾಟ ಆಗಿಲ್ಲ. ಅದಕ್ಕೆ ಯಾವ ಹಕ್ಕು ಇಡಲಿ? ‘ಲೇಖನ ಮಾರಿದ ಮೇಲೂ ಅದು ನಿನ್ನದೇ ಆಗುವುದಾದರೆ ಅಡಿಕೆಯನ್ನೂ ಹಾಗೇ ಮಾರಬಹುದಿತ್ತು’ ಅಂತ ಅಪ್ಪ ನಗಾಡ್ತಾರೆ.

ಕುಂಬಳೆ ಗೇಟು:
ತಂಗೀ, ಅನುವಾದ ಮಾತ್ರ ಮಾಡಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಕಲಂ ಓದಿ ನೋಡು. ಅಚ್ಚು ಹಾಕುವ ಹಕ್ಕಿನ ಜೊತೆಗೇ ಅನುವಾದದ ಹಕ್ಕನ್ನೂ ಅಲ್ಲಿ ಸೇರಿಸಿದ್ದಾರೆ. ಪೂರ್ಣ ಹಕ್ಕು ಕೊಟ್ಟಾಗ ಸಾಮಾನ್ಯವಾಗಿ ಅದೂ ಹೋಗುತ್ತದೆ. ಬರೆದವಳು ನೀನೇ ಆದರೂ ಈಗ ಯಜಮಾನರು ಅವರು. ಸೈಟು ಹೊರದೇಶದ್ದಾದರೆ ಯಾವ ದೇಶದ ಕಾನೂನು ಅಂತ ಅವರ ನಿಯಮದಲ್ಲಿ ಬರೆದಿರುತ್ತದೆ, ಅದನ್ನೂ ನೋಡು. ಈ ವಿಷಯದಲ್ಲಿ ಅಲ್ಲಿಯೂ ಹೆಚ್ಚು ಕಮ್ಮಿ ಇದೇ ಕಥೆ.

ಹಾಗಂತ ಪತ್ರಿಕೆಯವರಿಗೆ ಇಲ್ಲ ಅನ್ನಬೇಕಾಗಿಲ್ಲ. ನೀನು ಮಾರಿದ್ದು ಆ ಬರಹವನ್ನು, ಕೊಳೆರೋಗವನ್ನಲ್ಲ. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ, ಕೊಳೆರೋಗಕ್ಕೆ ಬಿಡುವ ಮದ್ದಾದ ಬೋರ್ಡೋ ದ್ರಾವಣದ ಲೆಕ್ಕವನ್ನು ಯಾರೂ ಕೊಂಡುಕೊಳ್ಳಲು ಆಗುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬಿಡಬೇಕು ಅನ್ನುವುದೂ ಅಷ್ಟೇ. ತೋಟದ ಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐಯವರೂ ಹೇಳುತ್ತಾರೆ, ನಿನ್ನ ಅಪ್ಪನೂ ಹೇಳುತ್ತಾರೆ. ವಿಷಯ ಎಲ್ಲರದ್ದು. ಹಳೆ ಲೇಖನವನ್ನು ಎದುರಿಗೆ ತೆರೆದಿಡದೆ ಹೊಸದಾಗಿ ಬರಿ. ಇಂಗ್ಲಿಷಿನದ್ದು ಅಡಿಕೆ ಮರವನ್ನೇ ನೋಡದವರಿಗೆ ಬರೆದದ್ದು. ಕನ್ನಡದ ರೈತನಿಗೆ ಕೊಳೆರೋಗ ಅಂದರೆ ಎಂತ ಅಂತ ವಿವರಿಸುವ ಅಗತ್ಯವೇ ಇಲ್ಲ. ಮದ್ದು ಬಿಡುವ ಜನ ಸಿಗುವುದಿಲ್ಲ, ಸಿಕ್ಕಿದ ದಿನ ಮಳೆ ಬಿಡುವುದಿಲ್ಲ, ಅದನ್ನು ಬರಿ. ತಾನಾಗಿ ಬೇರೆಯೇ ಲೇಖನ ಆಗುತ್ತದೆ.

ದನದ ಲೇಖನಕ್ಕೆ ನಾನಾದರೆ ‘ಬಳಕೆ ಹಕ್ಕು’ ಮಾತ್ರ ಇಡುತ್ತಿದ್ದೆ. ಕಾನ್‌ಸ್ಟಂಟ್ ಕಂಟೆಂಟ್‌ನಂಥ ಲೇಖನ ಮಾರುವ ಸೈಟುಗಳಲ್ಲಿ ಎರಡು ಬಗೆಯೂ ಉಂಟು. ಬಳಕೆ ಹಕ್ಕಿಗೆ ರೇಟು ಕಮ್ಮಿ, ಆದರೆ ಅದೇ ಲೇಖನವನ್ನು ಇನ್ನೊಬ್ಬರಿಗೂ ಮಾರಬಹುದು. ಕಂಪನಿ ಬ್ಲಾಗಿಗೆ ಬರೆದದ್ದು ಆರು ತಿಂಗಳಲ್ಲಿ ಹಳತಾಗುತ್ತದೆ, ಅದನ್ನು ಪೂರ್ಣ ಹಕ್ಕಿಗೇ ಕೊಟ್ಟುಬಿಡು. ಊರಿನ ದನ, ದೈವ, ಗದ್ದೆ ಇವುಗಳ ಬಗ್ಗೆ ಬರೆದದ್ದನ್ನು ಕೈಬಿಡಬೇಡ. ಮುಂದೆ ಪುಸ್ತಕ ಮಾಡಬೇಕು ಅನಿಸಿದರೆ?

ಉಪ್ಪಳ ಬಸ್‌ಸ್ಟ್ಯಾಂಡ್:
ಕಾನೂನೆಲ್ಲ ಸರಿ ಅಣ್ಣ. ಎಲ್ಲಿಯೋ ಇರುವ ಆ ಕಂಪನಿಯವರು ಕನ್ನಡ ಪತ್ರಿಕೆ ಓದಿ ಪೆರ್ಲಕ್ಕೆ ಬಂದು ಕೇಸು ಹಾಕುತ್ತಾರಾ? ಸುಮ್ನೆ ಯಾಕೆ ಹೆದರಿಸ್ತೀರಿ!

ಕುಂಬಳೆ ಗೇಟು:
ಕೇಸು ಹಾಕುವುದಿಲ್ಲ ಮಾರಾಯ್ರೆ. ಅಕೌಂಟ್ ಮುಚ್ಚುತ್ತಾರೆ, ಅಷ್ಟೆ. ಒಳಗಿರುವ ಬಾಕಿ ಹಣಕ್ಕೆ ಆಮೇಲೆ ಮೇಲ್ ಬರೆದು ಬರೆದು ಸಾಕಾಗುತ್ತದೆ. ಪತ್ರಿಕೆಯೂ ಈಗ ಆನ್‌ಲೈನಿಗೆ ಬರುತ್ತದೆ, ಗೂಗಲ್ ಅನುವಾದ ಎಲ್ಲರ ಫೋನಲ್ಲೂ ಉಂಟು.

ನೀರ್ಚಾಲಿನ ಅಕ್ಕ:
ಹಕ್ಕಿನ ಮಾತು ಬಂತು ಅಂತ ಹೇಳುತ್ತೇನೆ. ಒಬ್ಬ ಗಿರಾಕಿ ನನ್ನ ಲೇಖನವನ್ನು ಎರಡು ಸಲ ತಿದ್ದಿಸಿಕೊಂಡು, ಕೊನೆಗೆ ‘ಬೇಡ’ ಅಂತ ಆರ್ಡರ್ ರದ್ದು ಮಾಡಿದ. ಮುಂದಿನ ವಾರ ಅವನ ಸೈಟಿನಲ್ಲಿ ಅದೇ ಲೇಖನ, ತಲೆಬರಹ ಮಾತ್ರ ಬೇರೆ. ದುಡ್ಡು ಕೊಡದ ಮೇಲೆ ಹಕ್ಕು ಅವನಿಗೆ ಹೇಗೆ ಹೋಗುತ್ತದೆ? ಗೂಗಲ್‌ನ ಕೃತಿಸ್ವಾಮ್ಯ ದೂರಿನ ಫಾರ್ಮ್ ತುಂಬಿ, ನನ್ನ ಫೈಲಿನ ತಾರೀಕು ಮತ್ತು ಚಾಟಿನ ಚಿತ್ರ ಇಟ್ಟುಕೊಂಡು ಕೂತೆ. ಹುಡುಕಾಟದಿಂದ ಆ ಪುಟ ಹೋಯಿತು. ಹಣ ಬರಲಿಲ್ಲ, ಸಿಟ್ಟು ಇಳಿಯಿತು. ಮಾತುಕತೆಯನ್ನು ಸೈಟಿನ ಒಳಗೇ ಮಾಡು ತಂಗಿ, ‘ವಾಟ್ಸಾಪಿಗೆ ಬನ್ನಿ’ ಅನ್ನುವವರನ್ನು ನಂಬಬೇಡ.

ಮತ್ತೆ ಪಾಲಿನ ಲೆಕ್ಕ ಮೊದಲೇ ಹಾಕು. ಇಂಥ ಕೆಲಸ ಸಿಗುವ ಫೈವರ್ ಸೈಟಿನಲ್ಲಿ 100 ಡಾಲರ್‌ಗೆ 20 ಡಾಲರ್ ಅವರಿಗೇ. ಆಮೇಲೆ ಆನ್‌ಲೈನಿನಲ್ಲಿ ಹಣ ತರಿಸುವ ಪೇಪಾಲ್‌ನ ಶುಲ್ಕ, ಡಾಲರನ್ನು ರೂಪಾಯಿ ಮಾಡುವಾಗ ಇನ್ನಷ್ಟು. ಪೇಪಾಲ್‌ಗೆ ಪ್ಯಾನ್ ಬೇಕು, ಯಾವ ಕೆಲಸದ ಹಣ ಅಂತ ಪರ್ಪಸ್ ಕೋಡ್ ಕೊಡಬೇಕು. 2021ರ ಏಪ್ರಿಲ್‌ನಿಂದ ಅದರಲ್ಲಿ ಭಾರತದೊಳಗಿನ ವ್ಯವಹಾರ ನಿಂತಿದೆ, ಹೊರದೇಶದ್ದು ಮಾತ್ರ. ಪತ್ರಿಕೆಯವರಿಗೆ ಬ್ಯಾಂಕ್ ಖಾತೆಯನ್ನೇ ಕೊಡು.

ಪೆರ್ಲದವಳು:
ಎಲ್ಲರಿಗೂ ಉಪಕಾರ. ಕನ್ನಡದ್ದನ್ನು ಬೇರೆಯೇ ಬರೆಯಲು ಶುರು ಮಾಡಿದೆ. ಮದ್ದು ಬಿಡುವವರು ಬರದೆ ಅಪ್ಪ ದಿನಾ ಫೋನ್ ಮಾಡುವುದರಿಂದಲೇ ಹಿಡಿದೆ. ಕುಂಬಳೆ ಅಣ್ಣ, ಹಾಗಾದರೆ ಇಂಗ್ಲಿಷ್ ಲೇಖನ ನಾನು ಬರೆದದ್ದು ಅಂತ ಬಯೋಡೇಟಾದಲ್ಲೂ ಹಾಕುವಂತಿಲ್ವಾ? ಅಲ್ಲಿ ಕಂಪನಿಯವರ ಹೆಸರೇ ಉಂಟು. ಪತ್ರಿಕೆಯವರಿಗೂ ಹಕ್ಕಿನ ಬಗ್ಗೆ ಏನಾದರೂ ಬರೆಯಬೇಕಾ? ಅವರು ‘ಲೇಖನ ಕಳಿಸಿ’ ಅಂದದ್ದು ಬಿಟ್ಟರೆ ಬೇರೆ ಎಂತದೂ ಹೇಳಿಲ್ಲ.

ಕುಂಬಳೆ ಗೇಟು:
ಹಕ್ಕು ಮಾರಿದ ಮೇಲೂ ಬರೆದವರು ತಾವೇ ಅಂತ ಹೇಳಿಕೊಳ್ಳಲು ನಮ್ಮ ಕಾಯಿದೆಯ 57ನೇ ಕಲಂ ಬಿಡುತ್ತದೆ. ಆದರೆ ಹೆಸರು ಗುಟ್ಟಾಗಿಡುತ್ತೇನೆ ಅಂತ ಸೈಟಿನ ಕರಾರಿನಲ್ಲಿ ಒಪ್ಪಿದ್ದೀಯಾ ನೋಡು. ಒಪ್ಪಿದ್ದರೆ ‘ಕೃಷಿ ವಿಷಯದಲ್ಲಿ ಇಂಗ್ಲಿಷ್ ಲೇಖನ ಬರೆದ ಅನುಭವ’ ಅಂತ ಹಾಕು, ಕೊಂಡಿ ಕೊಡಬೇಡ.

ಪತ್ರಿಕೆಗೆ ಖಂಡಿತ ಬರಿ. ಹಕ್ಕು ಪೂರ್ತಿ ಬರೆದುಕೊಡುವುದಾದರೆ ಲಿಖಿತವಾಗಿ, ಸಹಿ ಹಾಕಿ ಕೊಡಬೇಕು. ಅದರಲ್ಲಿ ಅವಧಿ ಕಾಣಿಸದಿದ್ದರೆ 5 ವರ್ಷ, ಎಲ್ಲಿಗೆ ಅಂತ ಕಾಣಿಸದಿದ್ದರೆ ಭಾರತಕ್ಕೆ ಮಾತ್ರ ಅಂತ 19ನೇ ಕಲಂ ಹೇಳುತ್ತದೆ. ನೀನು ಅಲ್ಲಿಯವರೆಗೆ ಹೋಗುವುದೇ ಬೇಡ. ಲೇಖನ ಕಳಿಸುವ ಮೇಲ್‌ನ ಕೆಳಗೆ ‘ಒಂದು ಸಲ ಮುದ್ರಿಸಲು ಮತ್ತು ನಿಮ್ಮ ವೆಬ್‌ಸೈಟಿನಲ್ಲಿ ಹಾಕಲು ಮಾತ್ರ ಅನುಮತಿ, ಉಳಿದ ಹಕ್ಕುಗಳು ನನ್ನವು’ ಅಂತ ಸೇರಿಸು. ಸಂಭಾವನೆ ಎಷ್ಟು ಅಂತಲೂ ಅದೇ ಮೇಲ್‌ನಲ್ಲಿ ಕೇಳು. ನಾಚಿಕೆ ಮಾಡಬೇಡ, ಕೇಳದಿದ್ದರೆ ಗೌರವ ಪ್ರತಿ ಒಂದು ಬರುತ್ತದೆ.