ಗ್ಯಾರೇಜಿನ ನೆಲ: ಬ್ಲಾಕ್ ಪಾಯದ ಮೇಲೆ ಕೂರಿಸಬೇಕೇ, ಒಳಗೆ ಬಿಡಿಯಾಗಿ ಹಾಕಬೇಕೇ?

ನಾಲೆಯಂಚು, ಮಂಡ್ಯ

ಗುತ್ತಲು ಕಡೆ ನಮ್ಮ ಮನೆಯ ಪಕ್ಕಕ್ಕೆ ಗ್ಯಾರೇಜ್ ಕಟ್ಟಿಸುತ್ತಿದ್ದೇವೆ. ಒಳ ಅಳತೆ 12 ಅಡಿ ಅಗಲ, 18 ಅಡಿ ಉದ್ದ. ನಾನು ಮದುವೆಯಾಗಿ ಬಂದಾಗ ಈ ಜಾಗ ಗದ್ದೆಯಾಗಿತ್ತು. ಮಾವನವರು ಇಲ್ಲಿ ನಾಟಿ ಹಾಕಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಾಲೆಗೆ ನೀರು ಬಿಟ್ಟ ಕೆಲವೇ ದಿನಗಳಲ್ಲಿ ಹಿತ್ತಿಲಿನಲ್ಲಿ ಒಂದೂವರೆ ಅಡಿ ಅಗೆದರೆ ಈಗಲೂ ನೀರು ಜಿನುಗುತ್ತದೆ.

ಪಾಯದ ಕೆಲಸ ಮುಗಿದಿದೆ. 3 ಅಡಿ ಆಳ ತೋಡಿ, ಬೆಡ್ ಕಾಂಕ್ರೀಟ್ ಹಾಕಿ, 8 ಇಂಚಿನ ಸಾಲಿಡ್ ಬ್ಲಾಕ್ ಕಟ್ಟಿದ್ದಾರೆ. ಮೇಲೆ 6 ಇಂಚಿನ ಬೆಲ್ಟ್ ಕಾಂಕ್ರೀಟ್, ಅದರೊಳಗೆ 10 ಎಂಎಂ ಕಂಬಿ ನಾಲ್ಕು. ಬೆಲ್ಟ್ ಹಾಕಿ ಎರಡು ವಾರವಾಯಿತು. ಬಾಗಿಲು ಬರುವ ಕಡೆ ಮಾತ್ರ ಅದನ್ನು 7 ಇಂಚು ತಗ್ಗಿಸಿದ್ದಾರೆ. ಸುತ್ತಲಿನ ನೆಲಕ್ಕಿಂತ ಪಾಯ ಒಂದೂವರೆ ಅಡಿ ಎತ್ತರವಿದೆ. ಒಳಗೆ ಮೊದಲು ಪಾಯ ತೋಡಿದ ಮಣ್ಣನ್ನೇ ಎಳೆದು ಹಾಕಿ, ಮೇಲೆ ಎರಡು ಟ್ರ್ಯಾಕ್ಟರ್ ಕೆಮ್ಮಣ್ಣು ಸುರಿದು, ಬೋರ್‌ವೆಲ್ ಪೈಪು ಬಿಟ್ಟು ಎರಡು ದಿನ ನೀರು ನಿಲ್ಲಿಸಿದರು. "ಮಣ್ಣು ಕೂತಿದೆ, ಶನಿವಾರ ಕಾಂಕ್ರೀಟ್" ಎನ್ನುತ್ತಾರೆ ಮೇಸ್ತ್ರಿ.

ಅವರ ಲೆಕ್ಕದಲ್ಲಿ ನೆಲ 4 ಇಂಚು ದಪ್ಪ, ನಾಲ್ಕೂ ಕಡೆ ಬೆಲ್ಟ್ ಮೇಲೆ ಹತ್ತಿ ಕೂರಬೇಕು. ಪಾಯದ ಮೇಲೆ ಕೂತ ನೆಲ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವರ ಮಾತು. ನನ್ನ ತಮ್ಮ ಒಪ್ಪುವುದಿಲ್ಲ. ನೆಲ ಗೋಡೆಯನ್ನು ಮುಟ್ಟಲೇಬಾರದು, ಒಳಗೆ ಬಿಡಿಯಾಗಿರಬೇಕು ಎನ್ನುತ್ತಾನೆ. ಇಬ್ಬರೂ ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಆದರೆ ಒಂದನ್ನು ಆರಿಸಬೇಕು. ನಮ್ಮ ಯಜಮಾನರು ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸುತ್ತಾರೆ. ರಾತ್ರಿ ತುಂಬಿದ ಗೂಡ್ಸ್ ಆಟೋ ಇದರೊಳಗೇ ನಿಲ್ಲಬೇಕು. ಎರಡು ವರ್ಷ ಕೂಡಿಟ್ಟ ಹಣ ಇದು. ಹಾಕಿದ ನೆಲವನ್ನು ಒಡೆಸಿ ಮತ್ತೆ ಹಾಕಿಸುವ ಶಕ್ತಿ ನಮಗಿಲ್ಲ.

ತೂಗುಗುಂಡು, ಮೈಸೂರು

ಅಮ್ಮಾ, ಶನಿವಾರದ ಕಾಂಕ್ರೀಟನ್ನು ದಯವಿಟ್ಟು ನಿಲ್ಲಿಸಿ. ನೆಲ ಮೇಲೋ ಒಳಗೋ ಎಂಬ ಪ್ರಶ್ನೆ ಆಮೇಲಿನದು. ಮೊದಲು ನೋಡಬೇಕಾದದ್ದು ಅದರ ಕೆಳಗಿನ ಮಣ್ಣು.

ನಾನು ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಗಾರೆ ಕೆಲಸದಲ್ಲಿದ್ದೇನೆ. 2009ರಲ್ಲಿ ನನ್ನದೇ ಸಾಮಾನಿನ ಶೆಡ್ಡಿಗೆ ನಿಮ್ಮ ಮೇಸ್ತ್ರಿ ಹೇಳುವ ರೀತಿಯಲ್ಲೇ ನೆಲ ಹಾಕಿದ್ದೆ. ಎರಡು ಅಡಿ ಮಣ್ಣು ತುಂಬಿ, ನೀರು ನಿಲ್ಲಿಸಿ, ನಾಲ್ಕೂ ಕಡೆ ಬ್ಲಾಕಿನ ಮೇಲೆ ಕೂರಿಸಿದೆ. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯದರಲ್ಲಿ ಗೋಡೆಯಿಂದ ಒಂದು ಗೇಣು ದೂರದಲ್ಲಿ, ಗೋಡೆಗೆ ಸಮವಾಗಿ, ದಾರ ಹಿಡಿದು ಎಳೆದಂತೆ ಬಿರುಕು ಬಂತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಮಡಕೆ ತಟ್ಟಿದ ಸದ್ದು. ಒಂದು ಮೂಲೆಯನ್ನು ಒಡೆಯಲು ಕೂತೆ. ಉಳಿ ಪುಟಿಯುತ್ತಿತ್ತು, ಕಾಂಕ್ರೀಟ್ ಅಷ್ಟು ಗಟ್ಟಿಯಾಗಿತ್ತು. ತುಂಡು ಎತ್ತಿದಾಗ ಅಡಿಯಲ್ಲಿ ಮೂರು ಬೆರಳು ಎತ್ತರದ ಪೊಳ್ಳು. ಕೈ ಚಾಚಿದೆ, ಮೊಣಕೈವರೆಗೆ ಹೋಯಿತು. ಕಾಂಕ್ರೀಟಿನ ತಳಭಾಗ ಕನ್ನಡಿಯಂತೆ ನುಣುಪಾಗಿತ್ತು. ಅಂದು ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮಡಿಕೆಗಳ ಗುರುತು ಹಾಗೇ ಇತ್ತು. ಮಣ್ಣು ಮಾತ್ರ ಅದನ್ನು ಬಿಟ್ಟು ಕೆಳಗಿಳಿದಿತ್ತು.

ಕಾಂಕ್ರೀಟ್ ಅದುಮುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಅಂಚು ಪಾಯದ ಮೇಲೆ ಬಿಗಿಯಾಗಿ ಕೂತು ನಡುವೆ ಮಣ್ಣು ಇಳಿದರೆ, ನೆಲ ಸೇತುವೆಯಾಗಿಬಿಡುತ್ತದೆ. ಸೇತುವೆಗೆ ಬೇಕಾದ ದಪ್ಪವನ್ನಾಗಲಿ ಕಂಬಿಯನ್ನಾಗಲಿ ನಾವು ಅದಕ್ಕೆ ಕೊಟ್ಟಿರುವುದಿಲ್ಲ. ಆದ್ದರಿಂದ ನಿಮ್ಮ ತಮ್ಮನ ಮಾತೇ ಸರಿ: ಮೂರು ಗೋಡೆಗಳ ಕಡೆ ಅರ್ಧ ಇಂಚಿನ ಥರ್ಮಾಕೋಲ್ ನಿಲ್ಲಿಸಿ, ನೆಲವನ್ನು ಒಳಗೆ ಬಿಡಿಯಾಗಿ ಹಾಕಿಸಿ. ಮಣ್ಣು ಕೂದಲೆಳೆಯಷ್ಟು ಇಳಿದರೂ ನೆಲ ಒಟ್ಟಿಗೆ ಇಳಿಯುತ್ತದೆ, ಮುರಿಯುವುದಿಲ್ಲ.

ಬಾಗಿಲ ಕಡೆ ಹಾಗಲ್ಲ. ಚಕ್ರ ಹತ್ತಿ ಇಳಿಯುವ ಜಾಗ ಅದು, ಬಡಿದು ಗಟ್ಟಿ ಮಾಡುವ ದಿಮ್ಮಸಿಗೆ ಸರಿಯಾಗಿ ಸಿಗದ ಮಣ್ಣೂ ಅಲ್ಲಿಯದೇ. ಅಲ್ಲಿ ನೆಲ ಬೆಲ್ಟ್ ಮೇಲೆ ಹಾದು ಹೋಗಲಿ. ನಿಮ್ಮ ಮೇಸ್ತ್ರಿ 7 ಇಂಚು ತಗ್ಗಿಸಿರುವುದು ತಿಳಿವಳಿಕೆಯ ಕೆಲಸ: ನೆಲ 4ರ ಬದಲು 5 ಇಂಚು ದಪ್ಪ ಇರಲಿ, 2 ಇಂಚು ಇಳಿಜಾರು, ಲೆಕ್ಕ ಕೂಡುತ್ತದೆ. 18 ಅಡಿಗೆ 2 ಇಂಚು ಇಳಿಜಾರು ಬೇಕೇ ಬೇಕು. ಆ ಬೆಲ್ಟ್ ಮೇಲೆ ಒಂದು ಪದರ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಅಲ್ಲಿಂದ ಒಳಕ್ಕೆ 2 ಅಡಿಯವರೆಗೆ ನೆಲದ ದಪ್ಪ 8 ಇಂಚು ಇರಲಿ, ತಳಭಾಗದಲ್ಲಿ ಹೆಚ್ಚುವರಿ ಕಂಬಿ ಬರಲಿ.

ಈಗ ಮಣ್ಣಿನ ವಿಚಾರ. ನೀರು ನಿಲ್ಲಿಸಿದರೆ ಮರಳು ಕೂರುತ್ತದೆ, ಜೇಡಿ ಕೂರುವುದಿಲ್ಲ. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಯ ತೋಡಿದ ಮಣ್ಣು ಎಂದರೆ ನಿಮ್ಮಲ್ಲಿ ಗದ್ದೆಯ ಮಣ್ಣೇ. ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟು ನಿಲ್ಲಿಸಿದಂತೆಲ್ಲ ಅದು ನೆನೆದು ಒಣಗುತ್ತಿರುತ್ತದೆ. ಒಂದು ಪರೀಕ್ಷೆ ಮಾಡಿ: 12 ಎಂಎಂ ಕಂಬಿಯ ತುದಿಯನ್ನು ಚೂಪು ಮಾಡಿಸಿ, ಐದಾರು ಕಡೆ ನೆಟ್ಟಗೆ ನಿಲ್ಲಿಸಿ, ಮೈಭಾರ ಹಾಕಿ ಒತ್ತಿ. ಎರಡು ಮೂರು ಇಂಚಿಗೆ ನಿಂತರೆ ಮಣ್ಣು ಗಟ್ಟಿ. ಗೋಡೆಯ ಬುಡದಲ್ಲೂ ಬಾಗಿಲ ಬಳಿಯೂ ಮರೆಯದೆ ಒತ್ತಿ ನೋಡಿ.

ಹೂಟಗಳ್ಳಿ ಮನೆ

ನಮ್ಮದು ನಾಲ್ಕೂ ಕಡೆ ಪಾಯದ ಮೇಲೆ ಕೂತ ನೆಲ, 4 ಇಂಚು. ಹನ್ನೊಂದು ವರ್ಷವಾಯಿತು, ಒಂದು ಗೆರೆಯೂ ಬಿದ್ದಿಲ್ಲ, ದಿನವೂ ಕಾರು ನಿಲ್ಲುತ್ತದೆ. ಹಾಗಾಗಿ ಆ ಮೇಸ್ತ್ರಿಯನ್ನು ಪೂರ್ತಿ ತಪ್ಪು ಎನ್ನಲಾರೆ.

ತೂಗುಗುಂಡು, ಮೈಸೂರು

ನಿಮ್ಮಲ್ಲಿ ಒಳಗೆ ಎಷ್ಟು ಎತ್ತರ ಮಣ್ಣು ತುಂಬಿಸಿದ್ದರು?

ಹೂಟಗಳ್ಳಿ ಮನೆ

ತುಂಬಿಸಿದ್ದೇ ಕಡಿಮೆ, ಅರ್ಧ ಅಡಿ ಇರಬಹುದು. ಕೆಳಗೆ ಗಟ್ಟಿ ಕೆಂಪು ನೆಲ, ಹಾರೆ ಹಾಕಿದರೆ ಕಿಡಿ ಬರುತ್ತಿತ್ತು. ನೀವು ಕೇಳಿದ್ದು ಯಾಕೆಂದು ಅರ್ಥವಾಯಿತು.

ನಾಲೆಯಂಚು, ಮಂಡ್ಯ

ಇಂದು ಬೆಳಗ್ಗೆ ಕಂಬಿ ಒತ್ತಿ ನೋಡಿದೆವು. ನಡುವೆ 5 ಇಂಚು ಇಳಿಯಿತು. ಹಿಂದಿನ ಗೋಡೆಯ ಬುಡದಲ್ಲಿ 9 ಇಂಚು. ಬಾಗಿಲ ಬಳಿ ನಾನು ಒಬ್ಬಳೇ ಒತ್ತಿದ್ದು, ಒಂದು ಮೊಳ ಸರ್ರನೆ ಹೋಯಿತು. ಹೊರಗೆ ಎಳೆದಾಗ ಕಂಬಿಯ ತುದಿಗೆ ಕಪ್ಪು ಜೇಡಿ ಬೆಣ್ಣೆಯಂತೆ ಮೆತ್ತಿಕೊಂಡಿತ್ತು, ಅದರಲ್ಲಿ ಹುಲ್ಲಿನ ಬೇರು. ಮೇಸ್ತ್ರಿ ಪಕ್ಕದಲ್ಲೇ ಇದ್ದರು. ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ತಾವೇ ಕಂಬಿ ತೆಗೆದುಕೊಂಡು ಇನ್ನೂ ನಾಲ್ಕು ಕಡೆ ಒತ್ತಿ ನೋಡಿ, "ತೆಗೆಸೋಣ" ಎಂದರು.

ಎಲ್ಲವನ್ನೂ ತೆಗೆಯಬೇಕೇ? ಏನು ತುಂಬಬೇಕು? ಕಾಂಕ್ರೀಟಿಗೆ ಎಷ್ಟು ಸಾಮಾನು ಬೇಕು?

ತೂಗುಗುಂಡು, ಮೈಸೂರು

ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸಿ. ಮಾಡಿದ ಕೆಲಸವನ್ನು ತೆಗೆಸೋಣ ಎನ್ನುವುದು ಸುಲಭವಲ್ಲ.

ಹೌದು, ಎಲ್ಲವನ್ನೂ ತೆಗೆಯಿರಿ. ಬೇರು ಕಾಣದ, ಕಾಲಿಗೆ ಅಂಟದ ನೆಲ ಸಿಗುವವರೆಗೆ ಕೆರೆಯಿಸಿ. ತೆಗೆದ ಜೇಡಿ ತೆಂಗಿನ ಬುಡಕ್ಕೆ ಹೋಗಲಿ. ಮೇಲೆ ಸುರಿದ ಕೆಮ್ಮಣ್ಣು ಜೇಡಿಯ ಜೊತೆ ಬೆರೆಯದೆ ಬಂದರೆ ಮತ್ತೆ ಬಳಸಬಹುದು. ಉಳಿದದ್ದಕ್ಕೆ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತರಿಸಿ. 6 ಇಂಚು ಹರಡುವುದು, ಹದ ಮಾಡುವುದು, ದಿಮ್ಮಸು ಹಾಕುವುದು. ಆಮೇಲೆ ಮುಂದಿನ 6 ಇಂಚು. ಒಂದೇ ಸಲ ಸುರಿದು ಮೇಲೆ ಎಷ್ಟು ಬಡಿದರೂ ಪೆಟ್ಟು ಕೆಳಗೆ ಮುಟ್ಟುವುದಿಲ್ಲ. ಹದ ಹೀಗೆ ಗೊತ್ತಾಗುತ್ತದೆ: ಒಂದು ಹಿಡಿಯನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಉಂಡೆಯನ್ನು ಬೆರಳಲ್ಲಿ ಮುರಿದರೆ ಎರಡು ಹೋಳಾಗಬೇಕು. ಪುಡಿಯಾದರೆ ನೀರು ಸಾಲದು. ಬಾಡಿಗೆಗೆ ಸಿಗುವ ಪ್ಲೇಟ್ ಕಂಪ್ಯಾಕ್ಟರ್ ತಂದರೆ ಒಂದು ದಿನದ ಕೆಲಸ. ಗೋಡೆಯ ಪಕ್ಕದ ಒಂದು ಅಡಿಯಲ್ಲಿ ಮಾತ್ರ ಕೈ ದಿಮ್ಮಸು ಬಳಸಲಿ, ಹೊರಗಡೆಯ ಮಣ್ಣನ್ನೂ ಒಳಗಿನ ಜೊತೆಜೊತೆಗೇ ಏರಿಸುತ್ತ ಬರಲಿ. ಇಲ್ಲದಿದ್ದರೆ 8 ಇಂಚಿನ ಬ್ಲಾಕ್ ಗೋಡೆ ಹೊರಕ್ಕೆ ತಳ್ಳಲ್ಪಡುತ್ತದೆ. ಪ್ರತಿ ಪದರಕ್ಕೂ ಕಂಬಿ ಒತ್ತಿ ನೋಡಿ.

ಅದರ ಮೇಲೆ 3 ಇಂಚು ಬೆಡ್ ಕಾಂಕ್ರೀಟ್ 1:4:8 (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ), ಬಳಿಕ 1000 ಗೇಜಿನ ಪ್ಲಾಸ್ಟಿಕ್ ಹಾಳೆ. ಒಂದು ಹಾಳೆ ಇನ್ನೊಂದರ ಮೇಲೆ ಒಂದು ಅಡಿ ಹೊದ್ದಿರಲಿ. ನಿಮ್ಮಲ್ಲಿ ಕೆಳಗಿನಿಂದ ತೇವ ಏರುವುದರಿಂದ ಇದನ್ನು ಬಿಡಬೇಡಿ. ಕಂಬಿ 8 ಎಂಎಂ, ಎರಡೂ ದಿಕ್ಕಿಗೆ 8 ಇಂಚಿಗೊಂದು. ಅದು ಮೇಲ್ಮೈಯಿಂದ 2 ಇಂಚು ಕೆಳಗಿರಬೇಕು. ಕಂಬಿಯನ್ನು ಹಾಳೆಯ ಮೇಲೆ ಮಲಗಿಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತುತ್ತೇವೆ ಎಂದರೆ ಒಪ್ಪಬೇಡಿ, ಅದು ಮತ್ತೆ ಕೆಳಗೇ ಹೋಗುತ್ತದೆ. ಕುರ್ಚಿಯಂತೆ ಬಾಗಿಸಿದ ಕಂಬಿ ಅಡಿಗೆ ಇಟ್ಟು ನಿಲ್ಲಿಸಬೇಕು. ಬಾಗಿಲ ಬಳಿಯ ಹೆಚ್ಚುವರಿ ಕಂಬಿಗೆ ಮಾತ್ರ ಅಡಿಯಲ್ಲಿ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ತುಂಡು).

ಸಾಮಾನು, ಬೆಡ್ ಬಿಟ್ಟು ನೆಲಕ್ಕೆ ಮಾತ್ರ: ಬಾಗಿಲ ಬಳಿಯ ದಪ್ಪವೂ ಸೇರಿ 96 ಘನ ಅಡಿ ಕಾಂಕ್ರೀಟ್. 1:1½:3 ಮಿಶ್ರಣಕ್ಕೆ ಸಿಮೆಂಟ್ 22 ಮೂಟೆ, ಎಂ-ಸ್ಯಾಂಡ್ 40 ಘನ ಅಡಿ, 20 ಎಂಎಂ ಜಲ್ಲಿ 80 ಘನ ಅಡಿ. ಎರಡು ಮೂಟೆ ಹೆಚ್ಚು ಇಟ್ಟುಕೊಳ್ಳಿ. ಮರಳು, ಜಲ್ಲಿಯನ್ನು ಪೆಟ್ಟಿಗೆಯಲ್ಲೇ ಅಳೆಯಲಿ, ಬಾಂಡಲಿ ಲೆಕ್ಕ ಬೇಡ.

ನೀರು ಎಲ್ಲಕ್ಕಿಂತ ಮುಖ್ಯ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಸಂಹಿತೆಯ ಪ್ರಕಾರ ಈ ಮಿಶ್ರಣಕ್ಕೆ 50 ಕಿಲೋ ಮೂಟೆಗೆ 30 ಲೀಟರ್ ಮೀರಬಾರದು. 25ರಿಂದ 27ಕ್ಕೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಸಾರಿನಂತೆ ಹರಿಯುವ ಕಾಂಕ್ರೀಟ್ ಹರಡಲು ಸುಲಭ, ಒಣಗಿದ ಮೇಲೆ ಸೀಳುವುದೂ ಅದೇ. ಮೇಲೆ ನೀರು ತೇಲಿದಾಗ ಒಣ ಸಿಮೆಂಟ್ ಎರಚಿ ಕರಣೆ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಪದರ ಒಂದೆರಡು ವರ್ಷದಲ್ಲಿ ಹಪ್ಪಳದಂತೆ ಏಳುತ್ತದೆ. ನೀರು ತಾನಾಗಿ ಆರುವವರೆಗೆ ಕಾಯಬೇಕು, ಬೇರೆ ದಾರಿ ಇಲ್ಲ.

ಮರುದಿನ ಬೆಳಗ್ಗೆಯೇ 9 ಅಡಿಗೆ ಅಡ್ಡಲಾಗಿ ಒಂದೂಕಾಲು ಇಂಚು ಆಳ ಯಂತ್ರದಲ್ಲಿ ಕೊಯ್ಯಿಸಿ. ಕಾಂಕ್ರೀಟ್ ಆರುವಾಗ ಕುಗ್ಗಿಯೇ ಕುಗ್ಗುತ್ತದೆ. ಬಿರುಕು ಬರುವುದಿದ್ದರೆ ಆ ಗೆರೆಯೊಳಗೇ ಬರಲಿ.

ಸಿಮೆಂಟ್ ಹೆಚ್ಚಿಗೆ ಹಾಕಿದರೆ ಈ ಗೋಳೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಕನ್ನಂಬಾಡಿ ಕಟ್ಟೆಯನ್ನು ತೋರಿಸಿ. ಅದನ್ನು ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರಕಿ ಗಾರೆಯಲ್ಲಿ. ಅದು ಕೂತಿರುವುದು ಬಂಡೆಯ ಮೇಲೆ.

ನಾಲೆಯಂಚು, ಮಂಡ್ಯ

ಮುಗಿದ ಮೇಲೆ ತಿಳಿಸಬೇಕು ಅನ್ನಿಸಿತು. ಜೇಡಿ ತೆಗೆದು ಗರಸು ತುಂಬಲು ಐದು ದಿನ ಹಿಡಿಯಿತು. ಕೊನೆಯ ಪದರದಲ್ಲಿ ಕಂಬಿ ಎಲ್ಲಿ ಒತ್ತಿದರೂ 2 ಇಂಚು ದಾಟಲಿಲ್ಲ. ಬಾಗಿಲ ಬಳಿ ನಾನೇ ನಾಲ್ಕು ಸಲ ಒತ್ತಿದೆ. ನೀರಿಗೆ ಅಳತೆಯ ಬಕೆಟ್ ಹಿಡಿದು ಮಿಕ್ಸರ್ ಪಕ್ಕದಲ್ಲೇ ನಿಂತಿದ್ದೆ. ಹುಡುಗರು ಎರಡು ಸಲ ಪೈಪು ತಂದರು, ಎರಡು ಸಲವೂ ವಾಪಸ್ ಕಳಿಸಿದೆ.

ಕಾಂಕ್ರೀಟ್ ಗಟ್ಟಿಯಾಗಲೆಂದು ಬಿಟ್ಟ ನೀರು ಇಳಿಜಾರಿನಿಂದಾಗಿ ನಿಲ್ಲುತ್ತಿರಲಿಲ್ಲ. ಮಾವನವರು ಗದ್ದೆಯಲ್ಲಿ ಮಡಿ ಕಟ್ಟುವಂತೆ ಮಣ್ಣಿನ ಬದು ಹಾಕಿ, ಮೂರು ಅಡಿಗೊಂದು ಮಡಿ ಮಾಡಿ, ಮೇಲೆ ಭತ್ತದ ಹುಲ್ಲು ಹೊದಿಸಿದರು. ದಿನಕ್ಕೆ ಮೂರು ಹೊತ್ತು ಅವರೇ ನೀರು ಬಿಟ್ಟರು. ನಿಧಾನವಾಗಿ ಗಟ್ಟಿಯಾಗುವ ಪಿಪಿಸಿ ಸಿಮೆಂಟ್ ಆದ್ದರಿಂದ 14 ದಿನ ತಪ್ಪದೆ ನೀರುಣಿಸಿದರು. ಇಂದು ಹುಲ್ಲು ತೆಗೆದೆವು. ಬಿರುಕಿಲ್ಲ, ಕೊಯ್ದ ಗೆರೆಯ ತಳದಲ್ಲಿ ಮಾತ್ರ ಕೂದಲಿನಷ್ಟು ಸೀಳು ಕಾಣುತ್ತದೆ. ಹಿಂದಿನ ಗೋಡೆಯ ಬಳಿ ಸುರಿದ ಒಂದು ಬಿಂದಿಗೆ ನೀರು ಎಲ್ಲೂ ನಿಲ್ಲದೆ ಬಾಗಿಲ ಆಚೆಗೆ ಇಳಿಯಿತು.

ತುಂಬಿದ ಆಟೋ ಯಾವಾಗ ನಿಲ್ಲಿಸಬಹುದು? ಥರ್ಮಾಕೋಲನ್ನು ಹಾಗೇ ಬಿಡಬೇಕೇ?

ತೂಗುಗುಂಡು, ಮೈಸೂರು

ಆ ಸೀಳು ಬೀಳಬೇಕಾದ ಜಾಗದಲ್ಲೇ ಬಿದ್ದಿದೆ, ಚಿಂತೆ ಬೇಡ. ಖಾಲಿ ಆಟೋ ಈಗಲೇ ಬರಬಹುದು, ಎಳನೀರು ತುಂಬಿದ್ದು 28 ದಿನದ ನಂತರ. ಥರ್ಮಾಕೋಲನ್ನು ಮೇಲಿನಿಂದ ಅರ್ಧ ಇಂಚು ಕೆರೆದು ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಸಲ್ಫೈಡ್ ಸೀಲೆಂಟ್ ತುಂಬಿಸಿ, ಕೊಯ್ದ ಗೆರೆಗೂ ಅದನ್ನೇ. ಸಿಮೆಂಟ್ ಗಾರೆ ತುಂಬಿಸಬೇಡಿ, ನೆಲ ಮತ್ತೆ ಗೋಡೆಗೆ ಅಂಟಿಬಿಡುತ್ತದೆ. ನಿಮ್ಮ ಮಾವನವರ ಮಡಿಗಳ ಫೋಟೋ ಇದ್ದರೆ ಹಾಕಿ, ನನ್ನ ಹುಡುಗರಿಗೆ ತೋರಿಸಬೇಕು.